ಧ್ವನಿಸುರುಳಿಯೊಳಗಿನ ಲೆಕ್ಕ

1990ರ ಸೆಪ್ಟೆಂಬರಿನಲ್ಲಿ ನನ್ನ ಚಾಚಾ ಕುವೈತಿನಿಂದ ಮನೆಗೆ ಮರಳಿದರು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತ್ತು. ಅಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರಂತೆ ಅವರೂ ಬಸ್ಸಿನಲ್ಲಿ ಮರಳುಗಾಡು ದಾಟಿ, ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದಿಳಿದಿದ್ದರು. ಎಂಟು ವರ್ಷ ದುಡಿದವರ ಕೈಯಲ್ಲಿದ್ದದ್ದು ಒಂದು ರೆಕ್ಸಿನ್ ಚೀಲ. ಅದರಲ್ಲಿ ಎರಡು ಜೊತೆ ಬಟ್ಟೆ, ಪಾಸ್‌ಪೋರ್ಟ್, ಒಂದಷ್ಟು ಕಾಗದಪತ್ರ ಮತ್ತು ಮೂರು ಕ್ಯಾಸೆಟ್‌ಗಳು.

ನನಗಾಗ ಹನ್ನೊಂದು ವರ್ಷ. ಮನೆಯವರೆಲ್ಲ ಚಾಚಾನ ಸೊರಗಿದ ಮುಖ ನೋಡುತ್ತಿದ್ದರೆ ನನ್ನ ಕಣ್ಣು ಬಿದ್ದದ್ದು ಕ್ಯಾಸೆಟ್‌ಗಳ ಮೇಲೆ. ಹಿಂದೆ ರಜೆಗೆ ಬಂದಾಗ ಅವರೇ ತಂದುಕೊಟ್ಟಿದ್ದ ಟು-ಇನ್-ವನ್ ನಮ್ಮ ಪಡಸಾಲೆಯ ಗೂಡಿನಲ್ಲಿತ್ತು. ಎರಡು ಕ್ಯಾಸೆಟ್‌ಗಳಲ್ಲಿ ಕವ್ವಾಲಿ ಇತ್ತು. ಮೂರನೆಯದರ ಮೇಲೆ ಬಾಲ್‌ಪೆನ್ನಿನಿಂದ ಉರ್ದುವಿನಲ್ಲಿ ‘ಹಿಸಾಬ್’ ಎಂದು ಬರೆದಿತ್ತು. ಹಿಸಾಬ್ ಎಂದರೆ ಲೆಕ್ಕ. ಕ್ಯಾಸೆಟ್ಟಿನೊಳಗೆ ಎಂಥ ಲೆಕ್ಕವಪ್ಪಾ ಎಂದು ಹಾಕಿ ನೋಡಿದೆ. ಮೊದಲು ಆರೇಳು ಸೆಕೆಂಡು ಒಂದೇ ಸಮನೆ ಕೀರಲು ದನಿ. ಆಮೇಲೆ ತಗಡಿನ ಮೇಲೆ ಮೊಳೆಯಿಂದ ಗೀಚಿದಂಥ ಒರಟು ಚೀರಾಟ. ಅಡುಗೆಮನೆಯಿಂದ ದಾದಿ, “ಮಿಕ್ಸಿ ಕೆಟ್ಟಿತೇನೋ, ಮೊದಲು ಆರಿಸು” ಎಂದು ಕೂಗಿದರು. ಮರಳುಗಾಡಿನ ಬಿಸಿಲಿಗೆ ಟೇಪು ಹಾಳಾಗಿದೆ ಎಂದು ನಾನು ತೀರ್ಮಾನಿಸಿದೆ.

ಎರಡು ತಿಂಗಳ ನಂತರ ಆಪಾನ ಮದುವೆ. ಮೆಹಂದಿಯ ರಾತ್ರಿ ಹೆಂಗಸರು ಢೋಲಕ್ ಹಿಡಿದು ಹಾಡಲು ಕೂತಾಗ ರೆಕಾರ್ಡ್ ಮಾಡಬೇಕೆಂಬ ಆಸೆ ಹುಟ್ಟಿತು. ಖಾಲಿ ಕ್ಯಾಸೆಟ್ ಇರಲಿಲ್ಲ. ‘ಹಾಳಾದ’ ಆ ಕ್ಯಾಸೆಟ್ ನೆನಪಾಯಿತು. ಅದರ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚೂರನ್ನು ಯಾರೋ ಮುರಿದಿದ್ದರು. ಹಾಗೆ ಮುರಿದರೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ; ಒಳಗಿರುವುದು ಅಳಿಸಿಹೋಗಬಾರದು ಎಂದು ಮಾಡುವ ಉಪಾಯ ಅದು. ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂಬ ಮರು ಉಪಾಯ ಆ ಕಾಲದ ಎಲ್ಲ ಹುಡುಗರಿಗೂ ಗೊತ್ತಿತ್ತು. ನಾನು ಅಂಟಿಸಿದೆ. ಹಾಡುಗಳು ಚೆನ್ನಾಗಿ ಬಂದವು.

ನಾನು ಅಳಿಸಿದ್ದು ಒಂದು ಕಂಪ್ಯೂಟರ್ ಪ್ರೋಗ್ರಾಂ ಎಂದು ತಿಳಿದದ್ದು ಹನ್ನೆರಡು ವರ್ಷಗಳ ನಂತರ, 2002ರಲ್ಲಿ, ಸಾಲ ಮಾಡಿ ಮನೆಗೊಂದು ಹಳೆಯ ಕಂಪ್ಯೂಟರ್ ತಂದ ದಿನ. ಅದರ ಮುಂದೆ ಕೂತು ಚಾಚಾ, “ನಮ್ಮ ಕಾಲದಲ್ಲಿ ಇದಕ್ಕೆ ಟೇಪ್‌ರೆಕಾರ್ಡರ್ ಜೋಡಿಸುತ್ತಿದ್ದೆವು” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆ ಮಾತಿನ ಬೆನ್ನು ಹತ್ತಿ ಓದುತ್ತಾ ಹೋದಾಗ ಸಿಕ್ಕ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇನೆ.

ಮರೆಗುಳಿ ಯಂತ್ರ

ಕ್ಯಾಸೆಟ್ ಹುಟ್ಟಿದ್ದು ಕಂಪ್ಯೂಟರಿಗಾಗಿ ಅಲ್ಲ. ಫಿಲಿಪ್ಸ್ ಕಂಪನಿಯ ಡಚ್ ಎಂಜಿನಿಯರ್ ಲೂ ಒಟ್ಟೆನ್ಸ್ ಮತ್ತು ಅವರ ಬಳಗ ಬೆಲ್ಜಿಯಮ್ಮಿನ ಹಾಸೆಲ್ಟ್ ಪಟ್ಟಣದಲ್ಲಿ ಅದನ್ನು ರೂಪಿಸಿದರು. 1963ರ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೊ ಮೇಳದಲ್ಲಿ ಅದು ಮೊದಲ ಬಾರಿಗೆ ಜನರ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಟೇಪ್ ಎಂದರೆ ದೊಡ್ಡ ಚಕ್ರಗಳಿಗೆ ಕೈಯಿಂದ ಸುತ್ತಬೇಕಾದ ಸುರುಳಿ. ಒಟ್ಟೆನ್ಸ್ ಅದನ್ನು ಅಂಗಿಯ ಜೇಬಿಗೆ ಹಿಡಿಸುವ ಪೆಟ್ಟಿಗೆಯಾಗಿ ಮಾಡಿದರು. ಇತರ ಕಂಪನಿಗಳೂ ಅದನ್ನು ತಯಾರಿಸಲು ಫಿಲಿಪ್ಸ್ ಶುಲ್ಕವಿಲ್ಲದೆ ಅನುಮತಿ ನೀಡಿದ್ದರಿಂದ ಅದು ಜಗತ್ತಿನ ಮೂಲೆಮೂಲೆಗೂ ಹಬ್ಬಿತು. ನಮ್ಮಲ್ಲಿ 1980ರ ದಶಕದಲ್ಲಿ ಸಿನಿಮಾ ಹಾಡು, ಭಾವಗೀತೆ, ತಾಳಮದ್ದಳೆ, ಕವ್ವಾಲಿ ಎಲ್ಲವೂ ಸಾಮಾನ್ಯರ ಮನೆ ಸೇರಿದ್ದು ಈ ಧ್ವನಿಸುರುಳಿಯ ಮೂಲಕವೇ. ಗಲ್ಫಿಗೆ ಹೋದವರ ಮನೆಗಳಿಗೆ ಕಾಗದದ ಬದಲು ಮಾತು ತುಂಬಿದ ಕ್ಯಾಸೆಟ್ಟೇ ಬರುತ್ತಿದ್ದುದನ್ನು ನಮ್ಮ ತಲೆಮಾರಿನವರು ಮರೆತಿರಲಾರರು.

ಇತ್ತ ಅಮೆರಿಕದಲ್ಲಿ 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ 8800’ ಎಂಬ ಯಂತ್ರ ಕಾಣಿಸಿಕೊಂಡಿತು. ಬಿಡಿಭಾಗಗಳ ರೂಪದಲ್ಲಿ ಸುಮಾರು 400 ಡಾಲರಿಗೆ ಸಿಗುತ್ತಿದ್ದ ಇದನ್ನು ಮನೆಯಲ್ಲೇ ಬೆಸೆದು ಜೋಡಿಸಿಕೊಳ್ಳಬಹುದಿತ್ತು. ಕಂಪ್ಯೂಟರ್ ಎಂದರೆ ಸರಕಾರ, ಬ್ಯಾಂಕು, ವಿಶ್ವವಿದ್ಯಾಲಯಗಳ ಸೊತ್ತು ಎಂದಿದ್ದ ಕಾಲದಲ್ಲಿ ಇದೊಂದು ದೊಡ್ಡ ಬದಲಾವಣೆ. ಆದರೆ ಈ ಯಂತ್ರಕ್ಕೊಂದು ಕೊರತೆ ಇತ್ತು. ವಿದ್ಯುತ್ ಹೋದರೆ ಎಲ್ಲವನ್ನೂ ಮರೆತುಬಿಡುತ್ತಿತ್ತು. ರಾತ್ರಿಯಿಡೀ ಕೂತು ಬರೆದ ಪ್ರೋಗ್ರಾಂ ಬೆಳಿಗ್ಗೆ ಸ್ವಿಚ್ ಆರಿಸಿದೊಡನೆ ಇಲ್ಲವಾಗುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ.

ಇದಕ್ಕೆ ಪರಿಹಾರಗಳು ಇರಲಿಲ್ಲವೆಂದಲ್ಲ. ಕಾಗದದ ಪಟ್ಟಿಗೆ ತೂತು ಕೊರೆಯುವ ಟೆಲಿಟೈಪ್ ಯಂತ್ರವಿತ್ತು. ಫ್ಲಾಪಿ ಡಿಸ್ಕ್ ಕೂಡ ಬಂದಿತ್ತು. ಆದರೆ ಒಂದೊಂದರ ಬೆಲೆಯೂ ಕಂಪ್ಯೂಟರಿನ ಬೆಲೆಗಿಂತ ಹೆಚ್ಚು. ಕುದುರೆ ಕೊಂಡವನಿಗೆ ಲಗಾಮೇ ದುಬಾರಿಯಾದ ಹಾಗೆ. ಆಗ ಹವ್ಯಾಸಿಗಳ ಕಣ್ಣು ತಮ್ಮ ಮನೆಯಲ್ಲೇ ಇದ್ದ ಟೇಪ್‌ರೆಕಾರ್ಡರಿನ ಮೇಲೆ ಬಿತ್ತು.

ಕಾನ್ಸಾಸ್ ಸಿಟಿಯ ಒಪ್ಪಂದ

1975ರ ನವೆಂಬರಿನಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ‘ಬೈಟ್’ ಪತ್ರಿಕೆ ಒಂದು ಸಭೆ ಕರೆಯಿತು. ಹತ್ತಾರು ಮಂದಿಯ ಸಣ್ಣ ಸಭೆ ಅದು. ಒಬ್ಬನ ಯಂತ್ರದಲ್ಲಿ ತುಂಬಿದ ಕ್ಯಾಸೆಟ್ ಇನ್ನೊಬ್ಬನ ಯಂತ್ರದಲ್ಲೂ ಓದುವಂತಾಗಬೇಕು, ಅದಕ್ಕೊಂದು ಸಮಾನ ನಿಯಮ ಬೇಕು ಎಂಬುದು ಸಭೆಯ ಉದ್ದೇಶ. ಲೀ ಫೆಲ್ಸೆನ್‌ಸ್ಟೈನ್ ಮತ್ತು ಹೆರಾಲ್ಡ್ ಮಾಕ್ ಎಂಬಿಬ್ಬರು ನಿಯಮವನ್ನು ಬರೆದುಕೊಟ್ಟರು. 1976ರ ಫೆಬ್ರವರಿ ಸಂಚಿಕೆಯಲ್ಲಿ ಅದು ಪ್ರಕಟವಾಯಿತು. ‘ಕಾನ್ಸಾಸ್ ಸಿಟಿ ಸ್ಟ್ಯಾಂಡರ್ಡ್’ ಎಂದೇ ಅದಕ್ಕೆ ಹೆಸರು.

ಆ ನಿಯಮ ಬಹಳ ಸರಳ. ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಅಕ್ಷರ: ಸೊನ್ನೆ ಮತ್ತು ಒಂದು. ಟೇಪ್‌ರೆಕಾರ್ಡರಿಗೆ ಗೊತ್ತಿರುವುದು ಶಬ್ದ ಮಾತ್ರ. ಹಾಗಾದರೆ ಎರಡು ಅಕ್ಷರಗಳಿಗೆ ಎರಡು ಸ್ವರ ಕೊಟ್ಟುಬಿಡೋಣ. ಸೆಕೆಂಡಿಗೆ 1200 ಸಲ ಕಂಪಿಸುವ ಸ್ವರ ಸೊನ್ನೆ. ಅದರ ಎರಡರಷ್ಟು, ಅಂದರೆ 2400 ಸಲ ಕಂಪಿಸುವ ಸ್ವರ ಒಂದು. ಸಂಗೀತ ಬಲ್ಲವರು ಇದನ್ನು ಮಂದ್ರ ಷಡ್ಜ ಮತ್ತು ಮಧ್ಯ ಷಡ್ಜದ ಅಂತರ ಎನ್ನುತ್ತಾರೆ. ಸೊನ್ನೆಗೆ ಮಂದ್ರ ಸ್ವರದ ನಾಲ್ಕು ಅಲೆಗಳು, ಒಂದಕ್ಕೆ ತಾರ ಸ್ವರದ ಎಂಟು ಅಲೆಗಳು. ಎರಡಕ್ಕೂ ಹಿಡಿಯುವ ಸಮಯ ಒಂದೇ: ಸೆಕೆಂಡಿನ ಮುನ್ನೂರನೆಯ ಒಂದು ಭಾಗ. ಅಗ್ಗದ ಟೇಪ್‌ರೆಕಾರ್ಡರುಗಳ ಓಟ ಒಮ್ಮೆ ಚುರುಕು, ಒಮ್ಮೆ ನಿಧಾನ. ಆದರೆ ಓಟ ಏರುಪೇರಾದರೂ ಎರಡು ಸ್ವರಗಳ ನಡುವಿನ ಅನುಪಾತ ಕೆಡುವುದಿಲ್ಲ. ಬಡವನ ಯಂತ್ರದ ದೋಷವನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಮಾಡಿದ ನಿಯಮ ಅದು ಎಂಬುದೇ ಅದರ ಹೆಚ್ಚುಗಾರಿಕೆ.

ಈ ಲೆಕ್ಕದಲ್ಲಿ ಒಂದು ಸೆಕೆಂಡಿಗೆ ಸುಮಾರು 27 ಅಕ್ಷರಗಳನ್ನು ಬರೆಯಬಹುದಿತ್ತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ಒಂದು ಅಕ್ಷರಕ್ಕೆ ಎರಡು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಟೇಪು. ನೀವೀಗ ಓದುತ್ತಿರುವ ಅಕ್ಷರಗಳಷ್ಟೇ ಹೆಚ್ಚು ಕಡಿಮೆ. ನಾಲ್ಕು ಸಾವಿರ ಅಕ್ಷರಗಳ ಒಂದು ಪ್ರೋಗ್ರಾಂ ಓದಲು ಎರಡೂವರೆ ನಿಮಿಷ ಬೇಕಾಗುತ್ತಿತ್ತು. ಇಂದಿನವರಿಗೆ ನಗು ಬರಬಹುದು. ಆದರೆ ಅಂದಿನವರಿಗೆ, ನಿನ್ನೆ ಬರೆದದ್ದು ಇಂದೂ ಉಳಿದಿದೆ ಎಂಬುದೇ ದೊಡ್ಡ ಸಂತೋಷ.

ಶಬ್ದವಾದ ಮೇಲೆ ಅದನ್ನು ಎಲ್ಲಿ ಬೇಕಾದರೂ ಹಿಡಿದಿಡಬಹುದು. 1977ರ ಮೇ ತಿಂಗಳಲ್ಲಿ ‘ಇಂಟರ್‌ಫೇಸ್ ಏಜ್’ ಎಂಬ ಪತ್ರಿಕೆ ತನ್ನ ಪುಟಗಳ ನಡುವೆ ತೆಳುವಾದ ಒಂದು ಗ್ರಾಮಾಫೋನ್ ತಟ್ಟೆಯನ್ನೇ ಇಟ್ಟು ಓದುಗರಿಗೆ ಹಂಚಿತು. ಅದರಲ್ಲಿ ಇದ್ದದ್ದು ಹಾಡಲ್ಲ, ಇದೇ ಸ್ವರಗಳಲ್ಲಿ ಕೆತ್ತಿದ ಪ್ರೋಗ್ರಾಂ.

ಐದು ನಿಮಿಷದ ತಪಸ್ಸು

ಮುಂದಿನ ಹತ್ತು ವರ್ಷ ಮನೆಬಳಕೆಯ ಕಂಪ್ಯೂಟರುಗಳೆಲ್ಲ ಕ್ಯಾಸೆಟ್ಟನ್ನೇ ನೆಚ್ಚಿಕೊಂಡವು. ಸ್ಟೀವ್ ವೋಜ್ನಿಯಾಕ್ 1976ರಲ್ಲಿ ರೂಪಿಸಿದ ಮೊದಲ ಆಪಲ್ ಕಂಪ್ಯೂಟರಿಗೆ ಕ್ಯಾಸೆಟ್ ಜೋಡಿಸುವ ಫಲಕವನ್ನು 75 ಡಾಲರಿಗೆ ಪ್ರತ್ಯೇಕವಾಗಿ ಮಾರುತ್ತಿದ್ದರು. 1977ರಲ್ಲಿ ಬಂದ ಕಮಡೋರ್ ಪೆಟ್ ಯಂತ್ರದ ಕೀಲಿಮಣೆಯ ಪಕ್ಕದಲ್ಲೇ ಟೇಪ್‌ರೆಕಾರ್ಡರ್ ಕೂತಿತ್ತು. ಇಂದಿನ ನಮ್ಮ ಮೇಜಿನ ಕಂಪ್ಯೂಟರುಗಳ ಮೂಲಪುರುಷನೆನಿಸಿದ, 1981ರ ಐಬಿಎಂ ಪಿಸಿಯಲ್ಲೂ ಕ್ಯಾಸೆಟ್ ಜೋಡಿಸುವ ತೂತು ಇತ್ತು ಎಂದರೆ ಹಲವರು ನಂಬಲಾರರು.

ಆದರೆ ಕ್ಯಾಸೆಟ್ ನಿಜವಾಗಿ ರಾಜ್ಯಭಾರ ಮಾಡಿದ್ದು ಬ್ರಿಟನ್ನಿನಲ್ಲಿ. 1982ರ ಏಪ್ರಿಲಿನಲ್ಲಿ ಕ್ಲೈವ್ ಸಿಂಕ್ಲೇರ್ ‘ಝಡ್‌ಎಕ್ಸ್ ಸ್ಪೆಕ್ಟ್ರಮ್’ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದರು. ಬೆಲೆ 125 ಪೌಂಡಿನಿಂದ ಶುರು. ಪರದೆಯ ಬದಲು ಮನೆಯ ಟಿವಿ, ನೆನಪಿನ ಕಣಜದ ಬದಲು ಮನೆಯ ಟೇಪ್‌ರೆಕಾರ್ಡರ್. ಕಾರ್ಮಿಕರ ಮನೆಯ ಮಕ್ಕಳು ಕೂಡ ಕಂಪ್ಯೂಟರ್ ಮುಟ್ಟುವಂತಾದದ್ದು ಹೀಗೆ, ಇದ್ದುದರಲ್ಲೇ ಸುಧಾರಿಸಿಕೊಳ್ಳುವ ಗುಣದಿಂದ.

ಸ್ಪೆಕ್ಟ್ರಮ್ ತನ್ನದೇ ನಿಯಮ ಮಾಡಿಕೊಂಡಿತ್ತು. ಗಿಡ್ಡ ಅಲೆ ಸೊನ್ನೆ, ಅದರ ಎರಡರಷ್ಟು ಉದ್ದದ ಅಲೆ ಒಂದು. ಆಜ್ಞೆ ಕೊಟ್ಟು ಟೇಪು ಓಡಿಸಿದರೆ ಮೊದಲು ಐದು ಸೆಕೆಂಡು ಒಂದೇ ಶ್ರುತಿ. ಹಾಡುಗಾರ ತಂಬೂರಿ ಸರಿಮಾಡಿಕೊಳ್ಳುವ ಹಾಗೆ ಯಂತ್ರವು ಆ ಶ್ರುತಿ ಕೇಳಿ ತಾನು ಸಿದ್ಧವಾಗುತ್ತಿತ್ತು. ಆಗ ಟಿವಿಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು ಹರಿಯುತ್ತಿದ್ದವು. ಪ್ರೋಗ್ರಾಂ ಶುರುವಾದೊಡನೆ ಪಟ್ಟೆಗಳು ನೀಲಿ ಮತ್ತು ಹಳದಿಯಾಗಿ ಕುಣಿಯುತ್ತಿದ್ದವು. ನೆನಪಿನ ಕಣಜ ಪೂರ್ತಿ ತುಂಬಲು ಸುಮಾರು ಐದು ನಿಮಿಷ. ಆ ಹೊತ್ತಿನಲ್ಲಿ ಯಾರೂ ಮೇಜು ಅಲುಗಿಸಬಾರದು. ಸದ್ದು ಹೆಚ್ಚಾಗಲೂ ಬಾರದು, ಕಡಿಮೆಯಾಗಲೂ ಬಾರದು. ಟೇಪ್‌ರೆಕಾರ್ಡರಿನ ಹೆಡ್ ಸ್ವಲ್ಪ ವಾರೆಯಾಗಿದ್ದರೂ ಓದು ತಪ್ಪುತ್ತಿತ್ತು. ಮಕ್ಕಳು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಅದರ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕಿವಿಗೊಡುತ್ತಿದ್ದರು. ನಾಲ್ಕೂವರೆ ನಿಮಿಷ ಸರಿಯಾಗಿ ಓಡಿ ಕೊನೆಯ ಗಳಿಗೆಯಲ್ಲಿ ‘ಟೇಪ್ ಲೋಡಿಂಗ್ ಎರರ್’ ಎಂಬ ಸಾಲು ಬಂದರೆ, ಸುರುಳಿ ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ.

ಹಾಡಿಗೂ ಲೆಕ್ಕಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಹಾಡಿನ ನಡುವೆ ಒಂದು ಕ್ಷಣ ಟೇಪು ತೊದಲಿದರೆ ಕಿವಿ ಅದನ್ನು ಕ್ಷಮಿಸುತ್ತದೆ. ಬಿಟ್ಟುಹೋದ ಸ್ವರವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಕಂಪ್ಯೂಟರಿನ ಭಾಷೆಗೆ ಆ ಔದಾರ್ಯವಿಲ್ಲ. ಸಾವಿರಾರು ಸೊನ್ನೆಗಳಲ್ಲಿ ಒಂದು ಕೆಟ್ಟರೂ ಇಡೀ ಪ್ರೋಗ್ರಾಂ ಕೆಡಬಹುದು. ಅದಕ್ಕಾಗಿ ಅಂಗಡಿಯವರು ಕಿರ್ದಿಯ ಪುಟದ ಕೆಳಗೆ ಒಟ್ಟು ಮೊತ್ತ ಬರೆದು ತಾಳೆ ನೋಡುವಂತೆ, ಸ್ಪೆಕ್ಟ್ರಮ್ ಪ್ರತಿ ತುಣುಕಿನ ಕೊನೆಗೆ ಒಂದು ತಾಳೆಯ ಅಕ್ಷರ ಸೇರಿಸುತ್ತಿತ್ತು. ಕಮಡೋರ್ ಯಂತ್ರಗಳಂತೂ ಪ್ರತಿಯೊಂದನ್ನೂ ಎರಡೆರಡು ಸಲ ಬರೆದು, ಓದುವಾಗ ಒಂದನ್ನೊಂದು ಹೋಲಿಸುತ್ತಿದ್ದವು. ಅದರಿಂದ ಕೆಲಸ ಮತ್ತಷ್ಟು ನಿಧಾನ. ಆದರೆ ಭರವಸೆ ಹೆಚ್ಚು.

ಗಾಳಿಯಲ್ಲಿ ಬಂದ ಪ್ರೋಗ್ರಾಂಗಳು

ಕ್ಯಾಸೆಟ್ಟಿನೊಳಗಿರುವುದು ಶಬ್ದ ತಾನೆ? ಹಾಗಾದರೆ ಅದನ್ನು ರೇಡಿಯೊದಲ್ಲೇಕೆ ಬಿತ್ತರಿಸಬಾರದು? ನೆದರ್ಲೆಂಡ್ಸಿನಲ್ಲಿ ‘ಹಾಬಿಸ್ಕೂಪ್’ ಎಂಬ ರೇಡಿಯೊ ಕಾರ್ಯಕ್ರಮ 1980ರ ದಶಕದ ಆರಂಭದಲ್ಲಿ ಇದನ್ನೇ ಮಾಡಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳಿಗೆ ಬೇರೆ ಬೇರೆ ನುಡಿ ಇದ್ದುದರಿಂದ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ‘ಬೇಸಿಕೋಡ್’ ಎಂಬ ನಡುನುಡಿಯನ್ನು ರೂಪಿಸಿಕೊಂಡಿತು. ಬಿಬಿಸಿಯ ‘ದ ಚಿಪ್ ಶಾಪ್’ ಕಾರ್ಯಕ್ರಮವೂ ಅದನ್ನು ಬಳಸಿತು. ಕೇಳುಗರು ರೇಡಿಯೊದ ಎದುರು ಕ್ಯಾಸೆಟ್ ಹಾಕಿ ಕಾಯುತ್ತಿದ್ದರು. ಚೀರಾಟ ಶುರುವಾದೊಡನೆ ಹಿಡಿದುಕೊಳ್ಳುತ್ತಿದ್ದರು.

ಈ ಕಥೆಯ ಅತ್ಯಂತ ಹೃದ್ಯವಾದ ಅಧ್ಯಾಯ ನಡೆದದ್ದು ಯುಗೋಸ್ಲಾವಿಯದಲ್ಲಿ. ಹೊರದೇಶದಿಂದ ಕಂಪ್ಯೂಟರ್ ತರಿಸಲು ಅಲ್ಲಿ ಕಠಿಣ ನಿರ್ಬಂಧಗಳಿದ್ದವು. 1983ರ ಬೇಸಿಗೆಯಲ್ಲಿ ವೊಯಾ ಆಂಟೊನಿಚ್ ಎಂಬ ತಂತ್ರಜ್ಞ, ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಯಾರು ಬೇಕಾದರೂ ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಒಂದು ಕಂಪ್ಯೂಟರನ್ನು ಯೋಚಿಸಿದರು. ‘ಗಲಾಕ್ಸಿಯಾ’ ಎಂಬ ವಿಜ್ಞಾನ ಪತ್ರಿಕೆಯ ಬಳಗ ಅದರ ಪೂರ್ತಿ ನಕ್ಷೆಯನ್ನು ವಿಶೇಷ ಸಂಚಿಕೆಯಲ್ಲಿ ಪ್ರಕಟಿಸಿತು. ಯಂತ್ರಕ್ಕೂ ಪತ್ರಿಕೆಯ ಹೆಸರೇ ಬಂತು. 8,000ಕ್ಕೂ ಹೆಚ್ಚು ಜನ ಅದರ ಬಿಡಿಭಾಗಗಳ ಪೊಟ್ಟಣಕ್ಕೆ ಬೇಡಿಕೆ ಕಳಿಸಿದರು. ಎಷ್ಟು ಚಿಕ್ಕ ಯಂತ್ರವೆಂದರೆ, ತಪ್ಪಾದಾಗ ಹೇಳಲು ಅದಕ್ಕೆ ಬರುತ್ತಿದ್ದುದು ಇಂಗ್ಲಿಷಿನ ಮೂರೇ ಮಾತು: ‘ಏನು?’, ‘ಹೇಗೆ?’, ‘ಕ್ಷಮಿಸಿ’.

ಯಂತ್ರವೇನೋ ಆಯಿತು, ಅದಕ್ಕೆ ಪ್ರೋಗ್ರಾಂಗಳು ಬೇಕಲ್ಲ? ಬೆಲ್‌ಗ್ರೇಡ್ ರೇಡಿಯೊದ ‘ವೆಂಟಿಲೇಟರ್ 202’ ಕಾರ್ಯಕ್ರಮದ ನಿರೂಪಕ ಜೊರಾನ್ ಮೋದ್ಲಿ ನೆರವಿಗೆ ಬಂದರು. ಇವರು ವೃತ್ತಿಯಲ್ಲಿ ವಿಮಾನದ ಪೈಲಟ್ ಕೂಡ. ಹಾಡುಗಳ ನಡುವೆ, “ಕ್ಯಾಸೆಟ್ ಸಿದ್ಧ ಮಾಡಿಕೊಳ್ಳಿ” ಎಂದು ಕೇಳುಗರಿಗೆ ತಿಳಿಸಿ ಪ್ರೋಗ್ರಾಂ ಬಿತ್ತರಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಕೇಳುಗರೇ ತಾವು ಬರೆದ ಪ್ರೋಗ್ರಾಂಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಅಂಚೆಯಲ್ಲಿ ಕಳಿಸತೊಡಗಿದರು. ಅವುಗಳಲ್ಲಿ ಆಟಗಳಿದ್ದವು, ಶಾಲೆಯ ಪಾಠಗಳಿದ್ದವು. ಮೂರು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಪ್ರೋಗ್ರಾಂಗಳು ಹೀಗೆ ಗಾಳಿಯ ಮೇಲೆ ಮನೆಮನೆಗೆ ಹೋದವು. ಯಾರದೋ ಕೋಣೆಯಲ್ಲಿ ಬರೆದದ್ದು ಅಂಚೆಯಲ್ಲಿ ಬೆಲ್‌ಗ್ರೇಡಿಗೆ ಹೋಗಿ, ಅಲ್ಲಿಂದ ಗುರುತು ಪರಿಚಯವಿಲ್ಲದವರ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು. 1991ರಿಂದ ಆ ದೇಶ ಒಡೆದು, ಯುದ್ಧಗಳು ನಡೆದು, ಒಂದೇ ರೇಡಿಯೊ ಕೇಳಿದವರು ಬೇರೆ ಬೇರೆ ಧ್ವಜಗಳ ಕೆಳಗೆ ನಿಂತರು. ಮೋದ್ಲಿ 2020ರಲ್ಲಿ ತೀರಿಕೊಂಡರು.

ಕುವೈತಿನ ‘ಬಂಡೆ’

ಇನ್ನು ನನ್ನ ಚಾಚಾನ ಕ್ಯಾಸೆಟ್ಟಿಗೆ ಬರುತ್ತೇನೆ. 1983ರಲ್ಲಿ ಜಪಾನಿನ ಆಸ್ಕಿ ಮತ್ತು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಗಳು ‘ಎಂಎಸ್‌ಎಕ್ಸ್’ ಎಂಬ ಮಾದರಿಯನ್ನು ಪ್ರಕಟಿಸಿದವು. ಹಲವು ಕಂಪನಿಗಳು ಒಂದೇ ಮಾದರಿಯಲ್ಲಿ ಮನೆಬಳಕೆಯ ಕಂಪ್ಯೂಟರ್ ಮಾಡಲಿ ಎಂಬುದು ಉದ್ದೇಶ. ಕುವೈತಿನ ಮೊಹಮ್ಮದ್ ಅಲ್ ಶಾರಿಖ್ ಎಂಬ ಉದ್ಯಮಿ, ‘ಅಲ್ ಆಲಮಿಯಾ’ ಕಂಪನಿಯ ಮೂಲಕ ಈ ಮಾದರಿಗೆ ಅರಬ್ಬಿ ಕಲಿಸಿದರು. ಬಲದಿಂದ ಎಡಕ್ಕೆ ಬರೆಯುವ, ಪದದಲ್ಲಿನ ಸ್ಥಾನಕ್ಕೆ ತಕ್ಕಂತೆ ರೂಪ ಬದಲಿಸುವ ಲಿಪಿಯನ್ನು ಆ ಪುಟ್ಟ ಯಂತ್ರಕ್ಕೆ ಒಗ್ಗಿಸುವುದು ಸಾಮಾನ್ಯ ಕೆಲಸವಲ್ಲ. ಕನ್ನಡದ ಒತ್ತಕ್ಷರಗಳನ್ನು ಕಂಪ್ಯೂಟರಿಗೆ ಒಗ್ಗಿಸಲು ಪಟ್ಟ ಪಾಡನ್ನು ಬಲ್ಲವರಿಗೆ ಇದು ಅರ್ಥವಾದೀತು. ಈ ಯಂತ್ರಗಳಿಗೆ ‘ಸಖ್ರ್’ ಎಂದು ಹೆಸರು. ಅರಬ್ಬಿಯಲ್ಲಿ ಅದರ ಅರ್ಥ ಬಂಡೆ. ಅರಬ್ ನಾಡಿನ ಒಂದು ತಲೆಮಾರಿನ ಮಕ್ಕಳು ಮೊದಲು ಮುಟ್ಟಿದ ಕಂಪ್ಯೂಟರ್ ಇದೇ. 2024ರಲ್ಲಿ ಶಾರಿಖ್ ನಿಧನರಾದಾಗ ಅರಬ್ ಪತ್ರಿಕೆಗಳು ಅವರನ್ನು ನೆನೆದದ್ದು ಕಂಪ್ಯೂಟರಿಗೆ ಅರಬ್ಬಿ ಕಲಿಸಿದವರು ಎಂದೇ.

ಚಾಚಾ ಕೆಲಸ ಮಾಡುತ್ತಿದ್ದುದು ಕುವೈತಿನ ಒಂದು ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ. ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಒಂದು ಸಖ್ರ್ ಯಂತ್ರದ ಮುಂದೆ, ಅಂಗಡಿ ಮುಚ್ಚಿದ ಮೇಲೆ ಕೂತು, ಕೈಪಿಡಿ ನೋಡಿ ನೋಡಿ ಬೇಸಿಕ್ ಕಲಿತರು. ಬರೆದದ್ದನ್ನು ಕ್ಯಾಸೆಟ್ಟಿಗೆ ಇಳಿಸುವಾಗ ಆರು ಅಕ್ಷರಕ್ಕೆ ಮೀರದ ಹೆಸರು ಕೊಡಬೇಕಿತ್ತು. ಇಂಗ್ಲಿಷಿನಲ್ಲಿ ‘ಹಿಸಾಬ್’ ಐದೇ ಅಕ್ಷರ. ಎಂಎಸ್‌ಎಕ್ಸ್ ಬಳಸುತ್ತಿದ್ದ ಸ್ವರಗಳು ಯಾವುವು ಎಂದು ನೋಡಿದಾಗ ನನಗೆ ಮೈ ಜುಮ್ಮೆಂದಿತು: 1200 ಮತ್ತು 2400. ಕಾನ್ಸಾಸ್ ಸಿಟಿಯಲ್ಲಿ ಒಪ್ಪಿಕೊಂಡ ಅವೇ ಎರಡು ಸ್ವರ, ಅಲೆಗಳ ಸಂಖ್ಯೆ ಮಾತ್ರ ಕಡಿಮೆ. ನಮ್ಮ ಪಡಸಾಲೆಯಲ್ಲಿ ದಾದಿ ಮಿಕ್ಸಿಯ ಸದ್ದೆಂದುಕೊಂಡದ್ದು ಅದನ್ನೇ.

ನಮ್ಮ ದೇಶಕ್ಕೂ ಈ ತಲೆಮಾರಿನ ಯಂತ್ರಗಳು ಬಂದಿದ್ದವು. 1984ರಲ್ಲಿ ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆಯಡಿ ದೇಶದ 250 ಶಾಲೆಗಳಿಗೆ ಬ್ರಿಟನ್ನಿನ ‘ಬಿಬಿಸಿ ಮೈಕ್ರೊ’ ಕಂಪ್ಯೂಟರುಗಳನ್ನು ಕೊಡಲಾರಂಭಿಸಿತು. ಪುಣೆಯ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಕಂಪನಿ ಸ್ಪೆಕ್ಟ್ರಮ್ ಯಂತ್ರವನ್ನು ಇಲ್ಲೇ ಜೋಡಿಸಿ ಮಾರಿತು. ಆದರೆ ನಮ್ಮಂಥ ಸಣ್ಣ ಊರುಗಳಿಗೆ ಕಂಪ್ಯೂಟರ್ ಬರುವ ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಮುಗಿದು ಫ್ಲಾಪಿಯ ಕಾಲ ಬಂದಿತ್ತು. ನಮಗೆ ಕ್ಯಾಸೆಟ್ ಹಾಡಿನ ಪೆಟ್ಟಿಗೆಯಾಗಿಯೇ ಉಳಿಯಿತು.

ಉಳಿದದ್ದು, ಅಳಿದದ್ದು

ಫ್ಲಾಪಿ ಅಗ್ಗವಾದಂತೆ 1980ರ ದಶಕದ ಕೊನೆಗೆ ಕ್ಯಾಸೆಟ್ ಹಿಂದೆ ಸರಿಯಿತು. ಲಕ್ಷಾಂತರ ಕ್ಯಾಸೆಟ್‌ಗಳು ಅಟ್ಟ ಸೇರಿದವು. ಟೇಪಿಗೆ ಬಳಿದ ಕಾಂತೀಯ ಪುಡಿ ವರ್ಷಗಳು ಕಳೆದಂತೆ ದುರ್ಬಲವಾಗುತ್ತದೆ. ನಮ್ಮ ಮಲೆನಾಡಿನಂಥ ಕಡೆ ಮಳೆಗಾಲದ ಥಂಡಿಗೆ ಬಿಳಿಯ ಬೂಷ್ಟು ಹಿಡಿಯುತ್ತದೆ. ಹಾಡಾದರೆ ಗೊಗ್ಗರು ದನಿಯಲ್ಲಾದರೂ ಕೇಳೀತು. ಪ್ರೋಗ್ರಾಂ ಹಾಗಲ್ಲ, ಇದ್ದರೆ ಪೂರ್ತಿ ಇರಬೇಕು.

ಇದನ್ನು ಅರಿತ ಹವ್ಯಾಸಿಗಳು 1990ರ ದಶಕದಿಂದಲೇ ಹಳೆಯ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಓಡಿಸಿ, ಆ ಚೀರಾಟವನ್ನು ಇಂದಿನ ಕಂಪ್ಯೂಟರಿನೊಳಗೆ ಕಡತಗಳಾಗಿ ಕೂಡಿಡುತ್ತ ಬಂದಿದ್ದಾರೆ. 1995ರಲ್ಲಿ ನೆದರ್ಲೆಂಡ್ಸಿನ ಮಾರ್ಟೈನ್ ವಾನ್ ಡೆರ್ ಹೈಡೆ ‘ವರ್ಲ್ಡ್ ಆಫ್ ಸ್ಪೆಕ್ಟ್ರಮ್’ ಎಂಬ ಸಂಗ್ರಹ ಆರಂಭಿಸಿದರು. ಹಳೆಯ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರಿನಲ್ಲಿ ಅವುಗಳನ್ನು ಇಂದೂ ಓಡಿಸಬಹುದು. ದೊಡ್ಡ ಸಂಸ್ಥೆಗಳು ಕೈಬಿಟ್ಟ ಕೆಲಸವನ್ನು ಪಗಾರವಿಲ್ಲದ ಪ್ರೀತಿ ಮಾಡಿತು.

ಆದರೆ ಉಳಿದವುಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಮಾರಾಟವಾದವು. ಸಾವಿರಾರು ಪ್ರತಿಗಳಲ್ಲಿ ಎಲ್ಲೋ ಒಂದಾದರೂ ಸುಸ್ಥಿತಿಯಲ್ಲಿ ಸಿಗುವಂಥವು. ಒಬ್ಬ ಹುಡುಗಿ ತನ್ನ ತಮ್ಮನಿಗೆ ಮಗ್ಗಿ ಕಲಿಸಲು ಬರೆದದ್ದು, ಒಬ್ಬ ಗುಮಾಸ್ತ ಮನೆಖರ್ಚಿಗೆಂದು ಬರೆದದ್ದು — ಇವಕ್ಕೆ ಇದ್ದದ್ದು ಒಂದೇ ಪ್ರತಿ. ಅದನ್ನು ಕೇಳಿದವರಿಗೆ ಅದು ಬರೀ ಗದ್ದಲ. ಅರ್ಥವಾಗದ ಸದ್ದನ್ನು ಹಾಳೆಂದು ತಿಳಿದು ಅಳಿಸುವುದು ಮನುಷ್ಯನ ಹಳೆಯ ಚಾಳಿ. ಭಾಷೆಗಳ ವಿಷಯದಲ್ಲೂ, ಪಕ್ಕದ ಬೀದಿಯವರ ಮಾತಿನ ವಿಷಯದಲ್ಲೂ ನಾವು ಮಾಡುವುದು ಅದನ್ನೇ ಅಲ್ಲವೇ? ಇತಿಹಾಸವೆಂದರೆ ಯಾರೋ ಉಳಿಸಲು ಯೋಗ್ಯವೆಂದು ತಿಳಿದದ್ದು ಮಾತ್ರ. ಉಳಿದದ್ದರ ಮೇಲೆ ಇನ್ನೊಂದು ಹಾಡು ರೆಕಾರ್ಡ್ ಆಗಿರುತ್ತದೆ.

2002ರ ಆ ದಿನ ನಾನು ಚಾಚಾನಿಗೆ ತಪ್ಪೊಪ್ಪಿಕೊಂಡೆ. ಅವರಿಗೆ ಎಂದೋ ಗೊತ್ತಾಗಿತ್ತಂತೆ. ಆ ಪ್ರೋಗ್ರಾಮಿನಲ್ಲಿ ಏನಿತ್ತು ಎಂದು ಕೇಳಿದೆ. ತಿಂಗಳು ತಿಂಗಳು ಊರಿಗೆ ಕಳಿಸಿದ ಹಣ, ಬ್ಯಾಂಕಿನಲ್ಲಿಟ್ಟ ದಿನಾರು, ಒಟ್ಟಿಗಿದ್ದ ಗೆಳೆಯರಿಗೆ ಕೊಟ್ಟ ಕೈಸಾಲ — ಅಂಕಿಗಳನ್ನೆಲ್ಲ ಪ್ರೋಗ್ರಾಮಿನ ಸಾಲುಗಳಲ್ಲೇ ಬರೆದಿದ್ದರು. ಓಡಿಸಿದರೆ ಎಂಟು ವರ್ಷದ ಲೆಕ್ಕ ಪರದೆಯ ಮೇಲೆ ಬರುತ್ತಿತ್ತು. ಯಂತ್ರ ಅಂಗಡಿಯಲ್ಲೇ ಉಳಿಯಿತು. ಕ್ಯಾಸೆಟ್ ಜೇಬಿಗೆ ಹಿಡಿಸಿತು, ಬಂತು.

“ನನಗೆ ಯಾಕೆ ಬೈಯಲಿಲ್ಲ ಚಾಚಾ?” ಎಂದೆ.

ಈ ಸಲ ಅವರು ನಕ್ಕರು. “ಬೈದು ಏನು ಮಾಡಲಿ ಬೇಟಾ? ಸಾಲ ತಗೊಂಡವರ ಹೆಸರೂ ಅದರಲ್ಲೇ ಇತ್ತು. ನಿನ್ನ ಆಪಾನ ಮೆಹಂದಿಯ ರಾತ್ರಿ ಎಲ್ಲರ ಸಾಲವೂ ತೀರಿಹೋಯಿತು.”

ಚಾಚಾ ತೀರಿಕೊಂಡು ಆರು ವರ್ಷವಾಯಿತು. ದಾದಿ ಹೋಗಿ ಇಪ್ಪತ್ತಕ್ಕೂ ಹೆಚ್ಚು. ಆ ಕ್ಯಾಸೆಟ್ ನನ್ನ ಬೀರುವಿನಲ್ಲಿದೆ. ಢೋಲಕ್ಕಿನ ಸದ್ದಿನ ನಡುವೆ ಎಲ್ಲರಿಗಿಂತ ಎತ್ತರಕ್ಕೆ ಕೇಳುವ ದನಿ ದಾದಿಯದು. ಅವರ ದನಿ ಉಳಿದಿರುವುದು ಅದೊಂದರಲ್ಲೇ. ಕಳೆದ ತಿಂಗಳು ಹುಡುಗನೊಬ್ಬನ ಸಹಾಯದಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಮತ್ತೆ ಡಬ್ಬಿಗೆ ಹಾಕುವ ಮುನ್ನ, ಹಿಂಬದಿಯ ತೂತಿಗೆ ನಾನು ಅಂಟಿಸಿದ್ದ ಸೆಲ್ಲೋಟೇಪ್ ಹಳದಿಯಾಗಿ ಇನ್ನೂ ಅಲ್ಲೇ ಇದ್ದದ್ದು ಕಾಣಿಸಿತು. ಉಗುರಿನಿಂದ ಅದನ್ನು ಕಿತ್ತುಹಾಕಿದೆ.